ಒಂದೇ ಅಂಗಿ, ಮೂರು ಮಂದಿ ವೀರರು

ಸಿನಿಮಾದಲ್ಲಿ ನಡೆಯುವುದೆಲ್ಲ ಪರದೆಯ ಮೇಲೆ ಅಂತ ನಂಬಿದವರು ಒಮ್ಮೆ ಗಂಗಾವತಿಗೆ ಬಂದು ನನ್ನ ಪಕ್ಕ ನಿಲ್ಲಬೇಕು. ಇಲ್ಲಿನ ಒಂದು ಹಳೇ ಟಾಕೀಸಿಗೆ ನಾನು ಮ್ಯಾನೇಜರ್. ಗೇಟಿನ ಹತ್ತಿರ ದಿನಾ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಅದರಲ್ಲೂ ಆ ಕೆಂಪು ಮುಖವಾಡ ಹಾಕಿಕೊಂಡು ಆಕಾಶದಲ್ಲಿ ಹಾರುವ ವೀರನ ಪಿಕ್ಚರ್ ಬಂತೆಂದರೆ ನನ್ನ ತಲೆ ಚಿಟ್ಟು ಹಿಡಿಯುತ್ತದೆ. ತೆಗೆಯುವವರು ಕೆಲವು ವರ್ಷಕ್ಕೊಮ್ಮೆ ಮುಖವಾಡದೊಳಗಿನ ಮನುಷ್ಯನನ್ನೇ ಬದಲಾಯಿಸಿ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಜನರಿಗೆ ಉತ್ತರ ಕೊಡಬೇಕಾದವನು ನಾನು.

ಮೇಲಿಂದ ನಮ್ಮ ಮಾಲಕರದು ಒಂದೇ ಮಂತ್ರ: “ಮಂದಿ ಬಂದ್ರ ಟಾಕೀಸು, ಬರಲಿಲ್ಲಂದ್ರ ಮದುವಿ ಹಾಲ್.” ಮದುವೆ ಹಾಲ್‌ನಲ್ಲಿ ನನ್ನಂಥವನಿಗೆ ಏನು ಕೆಲಸ? ಉಂಡೆಲೆ ಎತ್ತುವುದು.

ಅಂಗಿ ಪಿಚ್ಚರ್

ಎರಡನೆಯ ವೀರ ಬಂದ ಹೊಸತು. ಹುಲಿಗಿಯಲ್ಲಿ ದೇವಿಯ ದರ್ಶನ ಮುಗಿಸಿ ನವಲಿಗೆ ವಾಪಸಾಗುತ್ತಿದ್ದ ಒಂದು ಕುಟುಂಬ ಹಣೆ ತುಂಬ ಕುಂಕುಮದೊಂದಿಗೆ ಮ್ಯಾಟ್ನಿಗೆ ಬಂತು. ಪರದೆಯ ಮೇಲೆ ವೀರ ಮುಖವಾಡ ತೆಗೆದದ್ದೇ ತಡ, ಆ ಮನೆಯ ಅಜ್ಜಿ ಎದ್ದು ಸೀದಾ ನನ್ನ ಹತ್ತಿರ ಬಂದಳು.

“ಮೊದಲಿನ ಹುಡುಗ ಎಲ್ಲಿ ಹೋಗ್ಯಾನೋ ಯಪ್ಪಾ?”

“ಬದಲಿ ಮಾಡ್ಯಾರ ಯಮ್ಮಾ.”

“ಅವನ ಕೂಡ ಹಾಡು ಹಾಡಾಕಿ?”

“ಆಕಿನೂ ಬದಲಿ.”

“ಅವ್ವ?”

“ಅವ್ವನೂ. ಮನಿ, ಊರು ಎಲ್ಲಾ ಹೊಸಾದು. ಅಂಗಿ, ಮುಖವಾಡ ಅಷ್ಟ ಮೊದಲಿಂದು.”

ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಹಂಗಾರ ಅಂಗಿ ಪಿಚ್ಚರ್ ಐತಿ ಅಂತ ಬೋರ್ಡ್ ಬರಿಬೇಕಿಲ್ಲೋ? ಹುಡುಗನ್ನ ತೋರಸ್ತೀನಂತ ಒಳಗ ಕರದು ಅಂಗಿ ತೋರಸಾಕತ್ತಿಯಲ್ಲ!”

ಚಾಚಿಯ ಷರತ್ತು

ಆಮೇಲೆ ಮೂರನೆಯವನು ಬಂದ. ಟಾಕೀಸಿನ ಎದುರು ಬಳೆ ಅಂಗಡಿ ಇಟ್ಟಿರುವ ಚಾಚಿ ಯಾವ ಪಿಕ್ಚರನ್ನೂ ಬಿಡುವಾಕೆಯಲ್ಲ, ನೋಡಿದರೆ ಮನಸಾರೆ ಅಳದೆ ಏಳುವಾಕೆಯೂ ಅಲ್ಲ. ಈ ವೀರನ ಕಥೆ ಪ್ರತಿ ಸಲ ಶುರುವಾಗುವುದು ಅವನ ತಾಯಿಯ ಸಾವಿನಿಂದ. ತಾಯಿ ಸಾಯುವ ತನಕ ಅವನಿಗೆ ಹಾರಲು ಬರುವುದಿಲ್ಲ.

“ಆ ತಾಯೀನ ಎರಡು ಸಲ ಅತ್ತು ಕಳಿಸೀನಿ, ಮ್ಯಾನೇಜರ್ ಸಾಬ್,” ಅಂದಳು ಚಾಚಿ. “ಇನ್ನ ನನ್ನ ಕಡಿಂದ ಆಗಂಗಿಲ್ಲ. ಆಕಿ ಸತ್ತ ಮ್ಯಾಲ ಕರೀರಿ, ಬರ್ತೀನಿ.”

ಸರಿ. ಆ ದೃಶ್ಯ ಮುಗಿಯುತ್ತಲೇ ನಾನು ಮೆಟ್ಟಿಲ ಮೇಲೆ ನಿಂತು ರಸ್ತೆಯಾಚೆ ಕೂಗಿದೆ: “ಚಾಚೀ, ಅವ್ವ ತೀರಿಕೊಂಡ್ಲು, ಲಗೂನ ಬರ್ರಿ!”

ಚಾಚಿ ಅಂಗಡಿಗೆ ಪರದೆ ಎಳೆದು ಓಡಿ ಬಂದಳು. ನನ್ನ ಕೂಗು ಕೇಳಿ, ಅವಳ ಓಟ ಕಂಡು ಹೂವಿನವರು, ಸೈಕಲ್ ಶಾಪಿನವರು ತಮ್ಮ ಅಂಗಡಿಗಳನ್ನೂ ಮುಚ್ಚಿದರು. ನಾನು ಟಾಕೀಸಿನ ಒಳಗೆ ಹೋದೆ, ಅವರು ದಪ್ಪನೆಯ ಮಾಲೆ ಹಿಡಿದು ನಮ್ಮ ಮನೆಗೆ ಹೋದರು. ಬಾಗಿಲು ತೆರೆದವಳು ನಮ್ಮವ್ವ. “ನಮ್ಮ ಹುಡುಗಗ ಏನರ ಪ್ರಶಸ್ತಿ ಬಂತೇನ್ರಿ?” ಅಂತ ಹಿಗ್ಗಿ ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟಳಂತೆ. ಪಾಪ, ಬಂದವರು ಮಾಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಕೊರಳಿಗೇ ಹಾಕಿ ಬಂದರು. ಅದು ಸನ್ಮಾನ ಅಂತಲೇ ಅವ್ವ ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ.

ಅಕ್ಕಿ ಮತ್ತು ಚೀಲ

ಅದೇ ಪಿಕ್ಚರಿಗೆ ಶ್ರೀರಾಮನಗರದ ತೆಲುಗು ಮನೆಮಾತಿನ ಒಬ್ಬ ಭತ್ತದ ರೈತರು ಬಂದಿದ್ದರು. ವೀರನನ್ನು ಮತ್ತೆ ಬದಲಾಯಿಸಿದ್ದಕ್ಕೆ ಜನ ಗೇಟಿನಲ್ಲಿ ನನ್ನೊಂದಿಗೆ ತೆಗೆದಿದ್ದ ಜಗಳ ಕೇಳಿ ನಕ್ಕು, “ಏಮಂಡಿ ಮ್ಯಾನೇಜರ್ ಗಾರೂ, ಮಿಲ್ಲಿನವ್ರು ಚೀಲದ ಮ್ಯಾಲಿನ ಚಿತ್ರ ಬದಲಿ ಮಾಡಿದ್ರ ಒಳಗಿನ ಅಕ್ಕಿ ಬದಲಾಗತೈತೇನ್ರಿ?” ಅಂದರು.

ನನ್ನ ಜೀವ ತಂಪಾಯಿತು. ಅವರ ಕೈ ಹಿಡಿದುಕೊಂಡು, “ಹಂಗಾರ ನಿಮಗ ಯಾವ ವೀರ ಛಲೋ ಅನಿಸ್ಯಾನ್ರಿ?” ಅಂತ ಕೇಳಿದೆ.

“ನಾ ಪರದಿ ಕಡೆ ನೋಡೇ ಇಲ್ಲಂಡಿ. ಎಸಿ ಒಳಗ ನಿದ್ದಿ ಭಾಳ ಛಲೋ ಬರತೈತಿ.”

ಎಸಿ ಕೆಟ್ಟು ತಿಂಗಳುಗಳೇ ಆಗಿದ್ದವು.

ಆಯೇರಿ

ಕೊನೆಗೆ ಪಿಕ್ಚರ್ ತೆಗೆಯುವ ಆ ಪುಣ್ಯಾತ್ಮರು ಮೂವರು ವೀರರನ್ನೂ ಒಂದೇ ಪಿಕ್ಚರಿನಲ್ಲಿ ತುಂಬಿದರು. ಮಾಲಕರು “ಇದ ಕಡೀದು” ಅಂದುಬಿಟ್ಟರು. ಅಂದದ್ದಷ್ಟೇ ಅಲ್ಲ, ಮದುವೆ ಹಾಲ್ ಕಟ್ಟುವ ಗುತ್ತಿಗೆದಾರನನ್ನು ಅಳತೆಯ ಟೇಪ್ ಸಮೇತ ಕರೆತಂದು ಬಾಲ್ಕನಿಯಲ್ಲಿ ಪಕ್ಕಕ್ಕೇ ಕೂರಿಸಿಕೊಂಡರು. ಮೀಸೆ ಮೂಡಿದಾಗಿನಿಂದ ಆ ಗೋಡೆಗಳ ನಡುವೆಯೇ ಬದುಕಿದವನು ನಾನು.

ಜನ ಏನೋ ಬಂದಿದ್ದರು, ತಮ್ಮ ತಮ್ಮ ವೀರನೇ ಗೆಲ್ಲುವುದನ್ನು ನೋಡಲು. ಮೂವರೂ ಒಟ್ಟಿಗೆ ಕಾಣಿಸಿಕೊಂಡದ್ದೇ ಗದ್ದಲ ಎದ್ದಿತು. “ನಮ್ಮಾಂವ ಖರೇ, ಅವರಿಬ್ಬರು ಡೂಪ್ಲಿಕೇಟ್!” ಕುರ್ಚಿ ಹಾರುವುದೊಂದು ಬಾಕಿ ಇತ್ತು. ಆಗ ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಬಯಲಾಟ ಕಲಿಸುವ ಮಾಸ್ತರರು ಎದ್ದು ನಿಂತರು.

“ಕುಂದರ್ರಿ! ನಮ್ಮೂರ ಆಟದಾಗ ರಾಜನ ಪಾರ್ಟು ಮೂರು ಮಂದಿ ಮಾಡ್ತಾರ. ಒಬ್ಬಾಂವ ಒಡ್ಡೋಲಗಕ್ಕ, ಒಬ್ಬಾಂವ ಯುದ್ಧಕ್ಕ, ಒಬ್ಬಾಂವ ಅಳಾಕ. ರಾಜ ಒಬ್ಬನ, ಪಾರ್ಟು ಬೇಡಾವ್ರು ಭಾಳ ಮಂದಿ. ಏನ್ ಮಾಡೂದು? ಇಲ್ಲೂ ಹಂಗ ಹಂಚ್ಯಾರ!”

ಹಾಲ್ ತಣ್ಣಗಾಯಿತು. ನಾನು ವರ್ಷಗಟ್ಟಲೆ ಹೇಳಿ ಸೋತದ್ದನ್ನು ಆ ಮನುಷ್ಯ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. ಆದರೆ ಅವರ ಸಂಗಡಿಗರು ಅಲ್ಲಿಗೇ ಬಿಡಲಿಲ್ಲ. ಬಯಲಾಟದಲ್ಲಿ ಪಾರ್ಟು ಮೆಚ್ಚಿಗೆಯಾದರೆ ಆಟವನ್ನು ನಡುವೆಯೇ ನಿಲ್ಲಿಸಿ ಪಾತ್ರಧಾರಿಗೆ ಬಟ್ಟೆ ಉಡುಗೊರೆ ಮಾಡುತ್ತಾರೆ, ಅದಕ್ಕೆ ಆಯೇರಿ ಅನ್ನುತ್ತಾರೆ. ಮೂವರು ವೀರರೂ ಆಕಾಶಕ್ಕೆ ಜಿಗಿದದ್ದೇ, ಪೇಟೆಯಲ್ಲಿ ಆಗಷ್ಟೇ ಕೊಂಡಿದ್ದ, ತಲೆಗೆ ಸುತ್ತುವ ರೇಷ್ಮೆ ರುಮಾಲು ಹಿಡಿದು ಒಬ್ಬ ಪರದೆಯ ಮುಂದೆ ಹೋಗಿ ನಿಂತ.

“ಪಿಚ್ಚರ್ ನಿಂದರಸ್ರಿ! ಆಯೇರಿ ಐತಿ!”

ಇಡೀ ಹಾಲ್ “ನಿಂದರಸ್ರಿ!” ಅಂತ ದನಿಗೂಡಿಸಿತು. ನಿಲ್ಲಿಸಿದೆ. ವೀರರು ಕೈಚಾಚಿಕೊಂಡು ಗಾಳಿಯಲ್ಲೇ ನಿಂತುಬಿಟ್ಟರು.

ರುಮಾಲು ಒಂದು, ತಲೆ ಮೂರು. ಮತ್ತೆ ವಾದ. ಮಾಸ್ತರರೇ ತೀರ್ಪು ಕೊಟ್ಟರು: “ಪಾತ್ರಧಾರಿ ಕೈಗೆ ಸಿಗದಿದ್ರ ಆಟ ಆಡಿಸಿದಾವ್ರಿಗೆ ಕಟ್ಟಬೇಕು. ಮಾಲಕ್ರು ಎಲ್ಲದಾರ?”

ಎಲ್ಲರೂ ಬಾಲ್ಕನಿಗೆ ನುಗ್ಗಿದರು. ಮಾಲಕರು “ಬ್ಯಾಡ್ರೋ, ಬ್ಯಾಡ್ರೋ” ಅನ್ನುತ್ತಿದ್ದಂತೆಯೇ ತಲೆಗೆ ರುಮಾಲು ಸುತ್ತಿದರು. “ಮೂರು ವೀರರನ್ನ ಒಂದ ಟಾಕೀಸಿನ್ಯಾಗ ಕೂಡಿಸಿದ ಸಾವಕಾರ್ರಿಗೆ ಮಂದಿ ಆಯೇರಿ ಮಾಡ್ಯಾರ!” ಅಂತ ಮಾಸ್ತರರು ಸಾರಿದರು. ಚಪ್ಪಾಳೆಯೋ ಚಪ್ಪಾಳೆ, ಸೀಟಿಯೋ ಸೀಟಿ. ತಮ್ಮದೇ ಟಾಕೀಸಿನಲ್ಲಿ ತಮಗಾಗಿ ಸೀಟಿ ಬೀಳುವುದನ್ನು ಅವರು ಎಂದೂ ಕೇಳಿರಲಿಲ್ಲ. ಕಣ್ಣು ಒರೆಸಿಕೊಂಡರು.

ಇದ್ಯಾವುದರ ಪರಿವೆಯೂ ಇಲ್ಲದ ಗುತ್ತಿಗೆದಾರ ಟೇಪ್ ಬಿಚ್ಚಿ, “ಸಾವಕಾರ್ರ, ಮದುಮಕ್ಕಳ ಸ್ಟೇಜು ಎಲ್ಲಿ ಬರಬೇಕ್ರಿ?” ಅಂದ.

ಮಾಲಕರು ರುಮಾಲು ಸರಿಮಾಡಿಕೊಂಡು ಗುಡುಗಿದರು: “ಟೇಪ್ ಸುತ್ತಿಕೊಂಡು ಮನಿಗೆ ನಡೀರಿ! ಮದುವಿ ಬ್ಯಾರೆ ಎಲ್ಲೆರ ಆಗ್ಲಿ. ಏ ಮ್ಯಾನೇಜರ್ರ, ಬಾಯಿ ತಕ್ಕೊಂಡು ಏನ್ ನಿಂತೀರಿ? ಆ ಮೂರು ಹುಡುಗ್ರು ಆಗಿಂದ ಗಾಳ್ಯಾಗ ತೂಗ್ಯಾಡಾಕತ್ತಾರ, ಮೊದಲ ಅವರನ್ನ ಕೆಳಗ ಇಳಸ್ರಿ!”