ಹನ್ನೊಂದು ಮಂದಿ ಹಿರಿಯರಿಗೆ ಹನ್ನೊಂದು ಎಲೆ

ಸತ್ತವರ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಳ್ಳಷ್ಟೂ ಶಿಸ್ತಿಲ್ಲ ಎಂಬ ಕಟುಸತ್ಯ ನನಗೆ ಹೊಳೆದದ್ದು ಈ ವರ್ಷದ ಪಿತೃಪಕ್ಷದಲ್ಲಿ. ಮೂವತ್ತನಾಲ್ಕು ವರ್ಷ ನೀರಾವರಿ ಕಚೇರಿಯಲ್ಲಿ ಕಡತ ಜೋಡಿಸಿದವನು ನಾನು. ನಿವೃತ್ತನಾಗಿ, ಬೆಳಗೊಳದ ಪಕ್ಕದ ನಮ್ಮೂರಿನಲ್ಲಿ ಮನೆ ಕಟ್ಟಿಕೊಂಡು ಎಂಟು ವರ್ಷವಾದರೂ ಜೋಡಿಸುವ ಚಟ ಬಿಟ್ಟಿಲ್ಲ. (ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ.)

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ ನಡುಮನೆಯಲ್ಲಿ ಒಂದು ದೊಡ್ಡ ಬಾಳೆಲೆ ಹಾಸುತ್ತಾಳೆ. ಮುದ್ದೆ, ಕೋಳಿಸಾರು, ವಡೆ, ಪಾಯಸ ಎಲ್ಲವನ್ನೂ ಅದಕ್ಕೇ ಬಡಿಸಿ, ಪಕ್ಕದಲ್ಲಿ ಒಂದು ಹೊಸ ಸೀರೆ, ಒಂದು ಪಂಚೆ ಇಟ್ಟು, ಎಲ್ಲರೂ ಬಂದು ಉಂಡು ಹೋಗಿ ಎಂದು ಕೈಮುಗಿದು ಬಾಗಿಲು ಹಾಕಿಬಿಡುತ್ತಾಳೆ. ಹಿರಿಯರು ಬಂದು ಹೋಗುವವರೆಗೆ ಅರ್ಧ ಗಂಟೆ ನಾವು ಹೊರಗೆ ಜಗಲಿಯಲ್ಲಿ ಕಾಯಬೇಕು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ನನ್ನ ಪ್ರಶ್ನೆ ಇಷ್ಟೇ: ಎರಡೂ ಕಡೆಯಿಂದ ಹನ್ನೊಂದು ಜನ ಹಿರಿಯರು ಒಂದೇ ಎಲೆಯಲ್ಲಿ ಉಣ್ಣುವುದು ಹೇಗೆ? ನಮ್ಮಪ್ಪ ಬದುಕಿದ್ದಾಗ ಸ್ವಂತ ತಮ್ಮನಿಗೂ ಅರ್ಧ ಬೀಡಿ ಕೊಟ್ಟವನಲ್ಲ.

ಈ ಸಲ ತಲೆಗೊಂದು ಎಲೆ, ಎಲೆಗೊಂದು ಫೋಟೋ, ಅವರವರಿಗೆ ಇಷ್ಟವಾದ ತಿನಿಸು ಎಂದು ಘೋಷಿಸಿದೆ. ಪುಟ್ಟಲಕ್ಷ್ಮಮ್ಮ ಆಗ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದಳು.

"ಏನಾರ ಮಾಡ್ಕಳಿ. ಆದ್ರೆ ಈ ಸಲ ಕುಳ್ಳಮ್ಮತ್ತೆ ಬತ್ತೀನಿ ಅಂದವ್ಳೆ. ಅವ್ಳ ಮುಂದೆ ಮಾತ್ರ ನನ್ನ ಮಾನ ಕಳೀಬ್ಯಾಡಿ" ಎಂದಳು.

ಕುಳ್ಳಮ್ಮತ್ತೆ ಇವಳ ಸೋದರತ್ತೆ. ಗಂಡನನ್ನು ಬೇಗ ಕಳೆದುಕೊಂಡು ನಾಗಮಂಗಲ ಕಡೆಯ ತವರಿಗೆ ಬಂದು, ತಾಯಿಯಿಲ್ಲದ ಪುಟ್ಟಲಕ್ಷ್ಮಮ್ಮನನ್ನು ಸಾಕಿ ಬೆಳೆಸಿದ ಹೆಂಗಸು. ಈಗ ಕೆ.ಆರ್.ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮ ಗೃಹಪ್ರವೇಶಕ್ಕೆ ಎಲ್ಲರ ಕಾರ್ಡುಗಳನ್ನೂ ಕ್ರಮಸಂಖ್ಯೆ ಹಾಕಿ ಅಂಚೆಯಲ್ಲಿ ಕಳಿಸಿದವನು ನಾನೇ. ಹೆತ್ತ ಮಗಳ ಹಾಗೆ ಸಾಕಿದವಳನ್ನು ಕುಂಕುಮ ಇಟ್ಟು ಕರೆಯದೆ ಕಾಗದದಲ್ಲಿ ಕರೆದಿರಲ್ಲ ಎಂದು ಅತ್ತೆ ಮುನಿಸಿಕೊಂಡರು. ಎಂಟು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಹಬ್ಬ ಬಂದಾಗಲೆಲ್ಲ ಹೆಂಡತಿ ಒಲೆಯ ಮುಂದೆ ಕಣ್ಣೊರೆಸಿಕೊಂಡು ಹೊಗೆ ಎನ್ನುತ್ತಿದ್ದಳು. ನಮ್ಮದು ಗ್ಯಾಸ್ ಒಲೆ. ಈ ಸಲ ಅವಳೇ ಕೆ.ಆರ್.ಪೇಟೆಗೆ ಹೋಗಿ, ತಾಂಬೂಲ ಕೊಟ್ಟು, ಕಾಲು ಹಿಡಿದು ಒಪ್ಪಿಸಿ ಬಂದಿದ್ದಳು.

ಇರಲಿ. ಆ ವಾರ ನಾನು ಮೊಪೆಡ್ಡಿನಲ್ಲಿ ಸುತ್ತಿದ ದೂರವನ್ನು ನೌಕರಿಯಲ್ಲಿದ್ದಾಗ ಸುತ್ತಿದ್ದರೆ ನಾಲೆಗಳೆಲ್ಲ ತುಂಬಿ ಹರಿಯುತ್ತಿದ್ದವು. ಯಾರಿಗೆ ಏನು ಇಷ್ಟವಿತ್ತು ಎಂದು ಬದುಕಿರುವವರನ್ನು ವಿಚಾರಿಸುತ್ತಾ ಹೋದೆ. ಪ್ರತಿ ಮನೆಯಲ್ಲೂ ಒಂದೊಂದು ಆಘಾತ ಕಾದಿತ್ತು. ಶನಿವಾರ ತಪ್ಪದೆ ಮೇಲುಕೋಟೆ ಬೆಟ್ಟ ಹತ್ತುತ್ತಿದ್ದ ನಮ್ಮ ತಾತನಿಗೆ ಇಳಿದ ಕೂಡಲೇ ಹೆಂಡ ಬೇಕಿತ್ತಂತೆ. ದೊಡ್ಡಪ್ಪನ ಮಗಳು ಮಾರಮ್ಮ, ತನ್ನ ಅಪ್ಪನಿಗೆ ಪಕ್ಕದ ಮನೆಯ ಕೋಳಿ ಎಂದರೆ ಪ್ರಾಣ ಎಂದಳು. ಯಾಕೆ, ಸಂತೆಯ ಕೋಳಿ ಆಗದೇ ಎಂದರೆ, ದುಡ್ಡು ಕೊಟ್ಟು ತಂದದ್ದು ಅವನಿಗೆ ರುಚಿಸುತ್ತಿರಲಿಲ್ಲವಂತೆ. ಇಂಥವರ ವಂಶದಲ್ಲಿ ಹುಟ್ಟಿ ನಾನು ಇಷ್ಟು ಶಿಸ್ತಿನ ಮನುಷ್ಯನಾದದ್ದು ಹೇಗೆ ಎಂದು ನನಗೇ ಆಶ್ಚರ್ಯವಾಯಿತು.

ಉಳಿದದ್ದು ಪುಟ್ಟಲಕ್ಷ್ಮಮ್ಮನ ಅಜ್ಜಿಯ, ಅಂದರೆ ಕುಳ್ಳಮ್ಮತ್ತೆಯ ತಾಯಿಯ ಫೋಟೋ. ಆಕೆಯನ್ನು ನಾನು ನೋಡಿದವನೇ ಅಲ್ಲ. ನಾಗಮಂಗಲ ಕಡೆಗೆ ಹೋದಾಗ ಬಾಮೈದ ಸಿದ್ದರಾಜು ಹೊಲಕ್ಕೆ ಹೋಗಿದ್ದ. ಫೋನಿನಲ್ಲೇ, ಹಜಾರದ ಗೋಡೆಯಲ್ಲಿದೆ, ತೆಗೆದುಕೊಂಡು ಹೋಗಿ ಭಾವ ಎಂದ. ಗೋಡೆಯಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರಿಗೂ ಒಂದೇ ಮೂಗು, ಒಂದೇ ಬಿಗಿದ ತುಟಿ. ಒಂದಕ್ಕೆ ಗಂಧದ ಹಾರವಿತ್ತು, ಒಂದಕ್ಕೆ ಇರಲಿಲ್ಲ. ಹಾರ ಹಾಕಿಸಿಕೊಂಡವರು ಸತ್ತವರು ಎಂಬುದನ್ನು ತಿಳಿಯಲು ಇನ್ನೊಂದು ಫೋನು ಬೇಕೇ? ಅದನ್ನೇ ಇಳಿಸಿಕೊಂಡೆ.

ಪಾಂಡವಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕಲೀಂ ಅದನ್ನು ಬೆಳಕಿಗೆ ಹಿಡಿದು, "ಸಾರ್, ಈ ಅಮ್ಮನ ಮುಂದೆ ಮೈಕ್ ಐತಲ್ಲ" ಎಂದ.

ಹಳೇ ಕಾಲದ ಸ್ಟುಡಿಯೋದವರು ಏನೇನೋ ಇಡುತ್ತಿದ್ದರಪ್ಪ, ಮೈಕು ಕತ್ತರಿಸು, ಅಮ್ಮನನ್ನು ದೊಡ್ಡದು ಮಾಡು ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಕತ್ತರಿಸಿದ.

ಅಮಾವಾಸ್ಯೆಯ ದಿನ ನಡುಮನೆಗೆ ಹೆಂಡತಿಯ ಪ್ರವೇಶವನ್ನು ನಿಷೇಧಿಸಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಕೊಡುವುದು, ನಾನು ಪಟ್ಟಿ ನೋಡಿ ಬಡಿಸುವುದು. ಅಜ್ಜಿಯ ಎಲೆಗೆ ಕೋಳಿಯ ತೊಡೆ, ಎರಡು ವಡೆ, ಹೊಗೆಸೊಪ್ಪಿನ ಕಡ್ಡಿಪುಡಿ, ಒಂದು ಹಸಿರು ಸೀರೆ. ಹನ್ನೊಂದು ದೀಪ ಹಚ್ಚಿದಾಗ ನನ್ನ ಕಣ್ಣೇ ತುಂಬಿ ಬಂತು. ಮೂರು ಗಂಟೆಗೆ ಮುಂಬಾಗಿಲು ಹಾಕಿ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಕೆ.ಆರ್.ಪೇಟೆಯ ಬಸ್ಸು ಇನ್ನೂ ಬಂದಿಲ್ಲವೇನೋ ಎಂದು ಹೆಂಡತಿ ದಾರಿಯನ್ನೇ ನೋಡುತ್ತಿದ್ದಳು.

ಹತ್ತು ನಿಮಿಷವಾಗಿರಬೇಕು. ಒಳಗಿನಿಂದ ಮೂಳೆ ಚೀಪುವ ಸದ್ದು ಬಂತು.

ನಾವು ಮುಖಮುಖ ನೋಡಿಕೊಂಡೆವು. ಬೆಕ್ಕು ಎಂದೆ. ಆಗ ಒಳಗೆ ಯಾರೋ ದೀರ್ಘವಾಗಿ, ತೃಪ್ತಿಯಾಗಿ ತೇಗಿದರು. ಬೆಕ್ಕು ತೇಗುವುದಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲು ನನಗಾದದ್ದು ಹೆಮ್ಮೆ. ಇಷ್ಟು ವರ್ಷ ಇವಳು ಒಂದೇ ಎಲೆ ಹಾಕಿದಾಗ ಯಾರಾದರೂ ತೇಗಿದ್ದುಂಟೇ? ಹೆದರಿಕೆ ಬಂದದ್ದು ಆಮೇಲೆ. ಕೆಮ್ಮುವುದನ್ನೂ ಮರೆತೆ. ಬಾಗಿಲು ತಳ್ಳಿದೆ. ಏಳನೆಯ ಎಲೆಯ ಮುಂದೆ, ಫೋಟೋದ ಕೆಳಗೆ, ಅದೇ ಮೂಗಿನ, ಅದೇ ತುಟಿಯ ಮುದುಕಿ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದ್ದಳು. ಹಸಿರು ಸೀರೆ ಭುಜದ ಮೇಲಿತ್ತು. ನಾನು "ಅಜ್ಜೀ" ಎಂದು ಉದ್ದಕ್ಕೆ ಬಿದ್ದುಬಿಟ್ಟೆ.

"ಯಾವ ಅಜ್ಜಿನ್ಲಾ? ನಾನು ಕುಳ್ಳಮ್ಮ. ಏಳು ಮ್ಯಾಕೆ" ಎಂದಿತು ಆ ಹಿರಿಯ ಜೀವ.

ಅತ್ತೆ ಬಸ್ಸಿಳಿದು, ದಾರಿ ಕೇಳಿಕೊಂಡು ಹಿಂದಿನ ಓಣಿಯಿಂದ ಬಂದರಂತೆ. ಎಡೆಯ ಹೊತ್ತು, ಮುಂಬಾಗಿಲು ತಟ್ಟಬಾರದೆಂದು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಂದಿದ್ದಾರೆ. ಬಂದರೆ ಸಾಲಿನಲ್ಲಿ ತಾವೇ ಇದ್ದಾರೆ, ಎದುರಿಗೆ ದೀಪ ಉರಿಯುತ್ತಿದೆ. ಮೂವತ್ತು ವರ್ಷದ ಹಿಂದೆ ಹಾಲಿನ ಸೊಸೈಟಿಯ ಅಧ್ಯಕ್ಷೆಯಾಗಿ ಭಾಷಣ ಮಾಡಿದಾಗ ತೆಗೆದ ಫೋಟೋ ಅದು. ಅಂದು ಸದಸ್ಯರು ಹಾಕಿದ ಗಂಧದ ಹಾರವನ್ನು ಅತ್ತೆ ಫೋಟೋಗೆ ತೂಗುಹಾಕಿದ್ದರು, ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಫೋಟೋ ನೋಡಿದಳು, ಅತ್ತೆಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ. ಆಮೇಲೆ ಅತ್ತೆಯ ಮುಂದೆ ಕುಸಿದು ಅಳತೊಡಗಿದಳು. ಎಂಟು ವರ್ಷ ಕಾದು ಕರೆಸಿಕೊಂಡವರನ್ನು ನಾನು ಸತ್ತವರ ಸಾಲಿಗೆ ಸೇರಿಸಿದ್ದೆ. ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

"ಅತ್ತೆ, ಎದ್ದು ಹೋಗ್ಬುಡ್ಬ್ಯಾಡ ಕಣತ್ತೆ" ಎಂದಳು.

"ಎಲೆ ಮುಂದೆ ಕುಂತವ್ಳು ಎದ್ದೋಯ್ತಾಳೇನೆ?" ಎಂದರು ಅತ್ತೆ, ಬೆರಳು ನೆಕ್ಕುತ್ತಾ. "ಮನೆ ಒಕ್ಕಲಿಗೆ ಪೋಸ್ಟಲ್ಲಿ ಕರುದ. ಈಗ ಸಾಯಾಕ್ ಮುಂಚೆ ಎಡೆ ಇಕ್ಕವ್ನೆ. ನಿನ್ ಗಂಡಂಗೆ ಬಾಗ್ಲಿಗೆ ಬಂದು ಕೇಳೋ ಅಭ್ಯಾಸನೇ ಇಲ್ಲ ಕಣೆ ಪುಟ್ಟಿ. ಸತ್ತಿದ್ದೀಯಾ ಅಂತ ಒಂದ್ ಮಾತು ಕೇಳಿದ್ರೆ ನಾನು ಯೋಳ್ತಿರ್ನಿಲ್ವಾ?"

ಆಮೇಲೆ ತೀರ್ಪು ಬಂತು. ಬದುಕಿರುವವರಿಗೆ ಎಡೆ ಇಕ್ಕಿದರೆ, ಇಕ್ಕಿದ ಕೈಯಿಂದಲೇ ಒಂಬತ್ತು ದಿನ ಬೇಯಿಸಿ ಬಡಿಸಬೇಕಂತೆ. ಒಂದು ಹೊತ್ತು ತಪ್ಪಿದರೂ ಮುಂದಿನ ವರ್ಷ ಇಕ್ಕಿದವನಿಗೇ ಎಡೆಯಂತೆ. ಇಂಥ ಪದ್ಧತಿ ಎಲ್ಲಾದರೂ ಉಂಟೇ ಎಂದು ಊರಿನ ನಾಲ್ವರು ಹಿರಿಯರನ್ನು ಗುಟ್ಟಾಗಿ ಕೇಳಿದೆ. ಯಾರೂ ಕೇಳಿದವರಿಲ್ಲ. ಹೆಂಡತಿ ಮಾತ್ರ, ನಿಮ್ಮ ಜೀವದ ಪ್ರಶ್ನೆ, ಹುಡುಗಾಟ ಬೇಡ ಎಂದು ಸೌಟನ್ನು ನನ್ನ ಕೈಗಿತ್ತಳು.

ಹೀಗೆ ನಾಡೆಲ್ಲ ನವರಾತ್ರಿ ಆಚರಿಸಿದರೆ ನಾನು ಒಂಬತ್ತು ದಿನ ಮುದ್ದೆ ತೊಳಸಿದೆ. ಮೊದಲ ದಿನದ ಮುದ್ದೆಯನ್ನು ಅತ್ತೆ ಗೋಡೆಗೆ ಎಸೆದು ನೋಡಿದರು (ಗೋಡೆಗೆ ಸ್ವಲ್ಪ ಏಟಾಗಿದೆ). ಅವರಿಬ್ಬರೂ ಜಗಲಿಯಲ್ಲಿ ಕುಳಿತು ಎಂಟು ವರ್ಷದ ಮಾತನ್ನೆಲ್ಲ ಆಡಿ ಮುಗಿಸಿದರು. ಹೆಂಡತಿ ಹಾಗೆ ಬಿದ್ದು ಬಿದ್ದು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಅಡುಗೆಮನೆಯಲ್ಲಿ ಬೆವರು ಸುರಿಸುತ್ತಿದ್ದರೂ ನನಗೆ ಸಂತೋಷವೇ ಆಯಿತು.

ವಿಜಯದಶಮಿಯ ಬೆಳಿಗ್ಗೆ ಹೊರಟು ನಿಂತ ಅತ್ತೆ ನನ್ನ ಪಟ್ಟಿಯನ್ನು ತರಿಸಿಕೊಂಡರು. ಕಡ್ಡಿಪುಡಿ ತಾನು ಮುಟ್ಟುವುದಿಲ್ಲ, ಕಾಲ ಬಂದಾಗ ಬೇಕಾಗುತ್ತದೆ, ಈಗಲೇ ಕೋಡುಬಳೆ ಎಂದು ತಿದ್ದು ಎಂದರು. ತಿದ್ದಿದೆ. "ಅಳಿಮಯ್ಯಂಗೆ ಏನಿಷ್ಟನೇ ಪುಟ್ಟಿ? ಅದ್ನೂ ಬರೆಸ್ಬುಡು" ಎಂದರು.

ಪೆನ್ನು ಹಿಡಿದು ಕಾದೆ. ನಲವತ್ತು ವರ್ಷ ಬೇಯಿಸಿ ಹಾಕಿದವಳು. ಒಬ್ಬಟ್ಟು ಎನ್ನುತ್ತಾಳೋ, ಅವರೆಕಾಳು ಸಾರು ಎನ್ನುತ್ತಾಳೋ, ಎರಡಕ್ಕೂ ಜಾಗ ಬಿಟ್ಟಿದ್ದೆ.

ಪುಟ್ಟಲಕ್ಷ್ಮಮ್ಮ ಕಟ್ಟುತ್ತಿದ್ದ ಹೂವಿನಿಂದ ತಲೆ ಎತ್ತಲಿಲ್ಲ. "ಏನಿಕ್ಕಿದ್ರೂ ಉಪ್ಪು ಕಮ್ಮಿ ಅಂತಾರೆ ಕಣತ್ತೆ. ಎಲೆ ತುಂಬ ಬರೀ ಉಪ್ಪು ಸುರುದು ಬಾಗ್ಲು ಆಕ್ಬುಡ್ತೀನಿ."

"ಬರ್ಕಳಪ್ಪ" ಎಂದರು ಅತ್ತೆ.

ಬರೆದುಕೊಂಡೆ.