ಹರಿದ ರೊಟ್ಟಿಗೆ ಎಪ್ಪತ್ತೆರಡು ನಗು

ನಾನು ಮೆತ್ತನೆಯ ಸ್ವಭಾವದ ಹೆಂಗಸು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಲು ಬೇರೆ ಯಾರೂ ಮುಂದೆ ಬಂದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ರಾಣೆಬೆನ್ನೂರಿನ ನಮ್ಮ ಮನೆ ಬಾಗಿಲಿಗೆ ಕರೆಂಟಿನ ಮೀಟರು ನೋಡುವವನು ಬರಲಿ, ಪಕ್ಕದ ಓಣಿಯ ಪಾರ್ಸಲ್ಲನ್ನು ತಪ್ಪಿ ನಮ್ಮಲ್ಲಿಗೆ ತಂದವನು ಬರಲಿ, ಮೊದಲು "ಬರ್ರಿ, ಕುಂದ್ರಿ, ನೀರ ಕುಡೀರಿ" ಎನ್ನುತ್ತೇನೆ. ಯಾರು, ಏನು ಎಂಬುದೆಲ್ಲ ಆಮೇಲೆ. ಗುರುತಿಲ್ಲದವರ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾವೇರಿಯವರೆಗೆ ಬಸ್ಸಿನಲ್ಲಿ ಹೋದದ್ದೂ ಇದೆ, ಅದು ನನ್ನ ಹೊಸ ಸೀರೆಯನ್ನು ಒದ್ದೆ ಮಾಡಿದಾಗ "ಇರ್ಲಿ ಬಿಡ್ರಿ, ಕೂಸಲ್ಲೇನು" ಎಂದು ನಕ್ಕದ್ದೂ ಇದೆ. ಇಂಥ ನನ್ನ ಕೈಗೆ ಫೋನು ಬಂತೆಂದರೆ, ಅದೇನೋ, ಈ ಎರಡು ಹೆಬ್ಬೆರಳುಗಳು ಬೇರೆ ಯಾರದೋ ಮನೆಯವು ಅನ್ನಿಸುವಷ್ಟು ಬದಲಾಗಿಬಿಡುತ್ತವೆ.

ನನ್ನ ಬಾಲ್ಯದ ಗೆಳತಿ ಸುಮಂಗಲಾ ಹಾವೇರಿಯಲ್ಲಿ ಕೂತು ‘ಒಲೆಯ ಮುಂದೆ’ ಎಂಬ ವಾಟ್ಸಾಪ್ ಗುಂಪು ಮಾಡಿದ್ದಾಳೆ. ಅಡಿಗೆಯ ಗುಂಪು, ಮುನ್ನೂರು ಮಂದಿ ಇದ್ದೇವೆ. ಅದರಲ್ಲಿ ನಾನು ಮುಖ ನೋಡಿದವರು ಇಪ್ಪತ್ತೂ ಇರಲಿಕ್ಕಿಲ್ಲ. ಆದರೂ ಗುಂಪಿನಲ್ಲಿ ನನಗೊಂದು ಹಿರಿತನವಿದೆ. ಯಾವ ಸಿಲಿಂಡರ್ ಯಾವತ್ತು ಹಚ್ಚಿದೆ, ಯಾವ ವರ್ಷದ ಉಪ್ಪಿನಕಾಯಿಗೆ ಎಷ್ಟು ಉಪ್ಪು ಬಿತ್ತು, ಸಂಡಿಗೆ ಎಷ್ಟು ಬಿಸಿಲಿಗೆ ಒಣಗಿತು ಎಂಬುದೆಲ್ಲ ನಮ್ಮ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಇರುತ್ತದೆ. ಆ ಕ್ಯಾಲೆಂಡರಿನಲ್ಲಿ ತಾರೀಖು ಮಾತ್ರ ಕಾಣುವುದಿಲ್ಲ ಎಂದು ನಮ್ಮ ಮನೆಯವರ ತಕರಾರು. ಇರಲಿ. ಯಾರಿಗಾದರೂ ಸಂಶಯ ಬಂದರೆ "ಗಿರಿಜಕ್ಕನ್ನ ಕೇಳ್ರಿ" ಅನ್ನುವುದು ರೂಢಿಯಾಗಿ, ನನ್ನ ತಲೆಯೂ ಸ್ವಲ್ಪ ಉಬ್ಬಿತ್ತು.

ಹೀಗಿರುವಾಗ ಒಂದು ದಿನ ಪಿ. ಎಸ್. ಎಂಬ ಹೊಸಬರು ಫೋಟೋ ಹಾಕಿದರು. ಹೆಸರಿನ ಪಕ್ಕ ಮುಖವಿರಲಿಲ್ಲ, ಒಂದು ದಾಸವಾಳದ ಹೂವಿತ್ತು. "ನಮಸ್ಕಾರ. ಜೋಳದ ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತಿದೆ. ದಯವಿಟ್ಟು ಕಾರಣ ತಿಳಿಸಿ" ಎಂದು ಬರೆದಿದ್ದರು. ಫೋಟೋದಲ್ಲಿದ್ದ ರೊಟ್ಟಿಗೆ ನಾಲ್ಕೂ ಕಡೆ ಮೂಲೆಗಳಿದ್ದವು, ನಡುವೆ ಒಂದು ಕಿಟಕಿಯೂ ಇತ್ತು. ಈಗಷ್ಟೇ ಮದುವೆಯಾದ ಯಾವುದೋ ಹುಡುಗಿ ಇರಬೇಕೆಂದುಕೊಂಡೆ. ಹಾಗೆಂದುಕೊಂಡವಳು ಮರುಕ ಪಡಬೇಕಿತ್ತು. ನಾನು ಬರೆದದ್ದು: "ಇದು ರೊಟ್ಟಿಯಲ್ಲ, ಹಾವೇರಿ ಜಿಲ್ಲೆಯ ನಕಾಶೆ. ಹಿರೇಕೆರೂರು ಎಲ್ಲಿದೆ ತೋರಿಸಿ." ಎಪ್ಪತ್ತೆರಡು ಮಂದಿ ಕಣ್ಣೀರು ಬರುವಂತೆ ನಗುವ ಮುಖ ಒತ್ತಿದರು. ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಅಷ್ಟು ಖುಷಿ. ಎರಡು ದಿನ ಬಿಟ್ಟು ಅವರು ಪಾಪ, ಇನ್ನೊಂದು ರೊಟ್ಟಿ ಹಾಕಿದರು. ನಾನು ಕಾಯುತ್ತಲೇ ಇದ್ದೆ. "ಇವತ್ತು ಶಿಗ್ಗಾವಿ ತಾಲೂಕು ಕಳಚಿಕೊಂಡು ತಿರುಗಿ ಧಾರವಾಡ ಜಿಲ್ಲೆಗೆ ಸೇರಿದೆ" ಎಂದೆ. ನಗು ಇನ್ನೂ ಬೀಳುತ್ತಿರುವಾಗಲೇ ಕೆಳಗೆ ಬೂದು ಬಣ್ಣದ ಒಂದು ಸಾಲು ಬಂತು. ಪಿ. ಎಸ್. ಗುಂಪು ಬಿಟ್ಟು ಹೋಗಿದ್ದರು.

ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು. ಸುಮ್ಮನೆ ಎದ್ದು ಹೋದವರಿಗೆ ಏನು ಹೇಳುವುದು? ನಾನು ಸೊಸೆಯಾಗಿ ಬಂದ ವಾರ ಬಡಿದ ಮೊದಲ ರೊಟ್ಟಿ ಹಂಚಿನ ಮೇಲೆ ಮೂರು ಪಾಲಾಗಿತ್ತು. ನಮ್ಮ ಅತ್ತೆ ಆ ಮೂರನ್ನೂ ಮಜ್ಜಿಗೆಗೆ ಹಾಕಿಕೊಂಡು, "ಹರದದ್ದ ಛಲೋ ಆತು ನೋಡವಾ, ಲಗೂ ನೆನೀತೈತಿ" ಎಂದು ಉಂಡು ಎದ್ದಿದ್ದರು. ಆ ಅತ್ತೆಯ ಸೊಸೆ ನಾನು. ಸಂಜೆ ನನ್ನ ಮುಖ ನೋಡಿ ನಮ್ಮ ಮನೆಯವರು, "ಎಪ್ಪತ್ತೆರಡು ಮಂದಿ ನಕ್ಕಾರ ಅಂತ ಕುಣಿದಾಡಿದ್ದಿ. ಈಗ ಒಬ್ರು ಹ್ವಾದ್ರ ಯಾಕ ಮಾರಿ ಸಣ್ಣ ಮಾಡ್ಕೊಂಡೀದಿ?" ಎಂದರು. ಈ ಗಂಡಸರು ವರ್ಷಕ್ಕೊಮ್ಮೆ ಸರಿಯಾದ ಮಾತಾಡುತ್ತಾರೆ, ಅದೂ ಬೇಡದ ಹೊತ್ತಿನಲ್ಲಿ.

ಕ್ಷಮೆ ಕೇಳಿ ಸಂದೇಶ ಕಳಿಸಿದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಧೈರ್ಯ ಮಾಡಿ ಆ ನಂಬರಿಗೆ ಫೋನೇ ಮಾಡಿದೆ. ಎತ್ತಿದವಳು ಹೆಣ್ಣುಮಗಳು. ನಾನು ಇಂಥವಳು, ಇಂಥ ಗುಂಪಿನವಳು ಎಂದು ಹೇಳಿ ಮುಗಿಸುವ ಮೊದಲೇ, "ಓಹೋ! ನಕಾಶಿ ಅಂದಾವ್ರು ನೀವ ಏನ್ರಿ!" ಎಂದಳು.

"ಹೌದ್ರಿ ತಂಗಿ, ತಪ್ಪಾತು. ನಿಮ್ಮ ರೊಟ್ಟಿಗೆ ನಾನು..."

"ನನ್ನ ರೊಟ್ಟಿ ಅಲ್ಲರಿ ಅದು! ನಮ್ಮ ಮನಿಯವ್ರದು. ನನ್ನ ಬಲಗೈ ಮುರದು ಪ್ಲಾಸ್ಟರ್ ಹಾಕ್ಯಾರ. ಖಾನಾವಳಿಂದ ರೊಟ್ಟಿ ತರೂಣಂದ್ರ, ಬ್ಯಾಡ, ನಾನ ಬಡೀತೀನಿ ಅಂದ್ರು. ಮಂಡ್ಯದ ಕಡೆಯವ್ರರಿ, ರಾಗಿ ಮುದ್ದಿ ಉಂಡು ಬೆಳದಾವ್ರು. ಮದುವಿ ಆಗಿ ಹನ್ನೆರಡು ವರ್ಸದಾಗ ಒಮ್ಮಿ, ಒಂದ ಸಲ, ತಾವಾಗೇ ಒಲಿ ಮುಂದ ನಿಂತಿದ್ರು. ಎರಡ ಮಾತಿನ್ಯಾಗ ಕೆಡಿಸಿ ಇಟ್ರಿ ನೋಡ್ರಿ. ಈಗ ಹಿಟ್ಟು ನಾದೋ ಪರಾತ ಕಂಡ್ರ ಮಾರಿ ತಿರುವತಾರ. ಮೂರು ಹೊತ್ತೂ ಉಪ್ಪಿಟ್ಟು ನಮ್ಮನ್ಯಾಗ!"

ಮಾತಿಗೆ ಮಾತು ಎಂದುಕೊಂಡಿದ್ದೆ. ನೋಡಿದರೆ ಒಬ್ಬ ಗಂಡಸು ಅಡಿಗೆಮನೆ ಹೊಕ್ಕದ್ದನ್ನು ತಿರುಗಿ ಹೊರಗೆ ಅಟ್ಟಿದ್ದೆ. ಊರ ಹೆಂಗಸರಿಗೆ ತಿಳಿದರೆ ಕ್ಷಮಿಸುವ ಅಪರಾಧವೇ ಇದು? "ಏನು ಮಾಡ್ಲಿ ಹೇಳ್ರಿ" ಎಂದೆ. "ತಪ್ಪಾತು ಅಂದ್ರ ರೊಟ್ಟಿ ಆಗತೈತೇನ್ರಿ? ಬ್ಯಾಡಗಿಗೆ ಬರ್ರಿ. ಬಂದು ಕಲಿಸ್ರಿ" ಎಂದಳು. ಅವಳ ಹೆಸರು ಶಿವಲೀಲಾ. ಗಂಡನ ಹೆಸರು ಪುಟ್ಟಸ್ವಾಮಿ, ಶಾಲೆಯ ಮಾಸ್ತರು. ಕೈ ಮುರಿದಿದ್ದರೂ ಬಾಯಿಗೆ ಏನೂ ಆಗಿಲ್ಲ ಎಂಬುದನ್ನು ನಾನು ಗಮನಿಸಿದೆ.

ಭಾನುವಾರ ಹೊರಟೆ. ಹೊರಡುವ ಮುಂಚೆ ಸುಮಂಗಲಾಗೆ ಹೇಳಿ ಪಿ. ಎಸ್. ಅವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ಬ್ಯಾಡಗಿಯಲ್ಲಿ ಇಳಿದು ಪದ್ಧತಿಯಂತೆ ಮೆಣಸಿನಕಾಯಿ ಘಾಟಿಗೆ ಮೂರು ಸಲ ಸೀನಿ ಅವರ ಮನೆ ಹುಡುಕಿದೆ. ಪುಟ್ಟಸ್ವಾಮಿಯವರು ಎತ್ತರದ ಆಳು, ಮಾತು ಕಡಿಮೆ. "ಬನ್ನಿ ಮೇಡಮ್ಮೋರೆ" ಎಂದು ನೀರು ತಂದುಕೊಟ್ಟು ಗೋಡೆಗೆ ಒರಗಿ ನಿಂತರು. ನಾನು ಸೆರಗು ಸಿಕ್ಕಿಸಿ, ಪರಾತದಲ್ಲಿ ಹಿಟ್ಟು ಸುರಿದು, ಕುದಿಯುವ ನೀರು ಹಾಕಿ, ಪಾಠ ಶುರು ಮಾಡಿದೆ. "ನೋಡ್ರಿ ಸರ, ಎಲ್ಲಾ ಕೈಯಾಗ ಐತಿ" ಎಂದು ಹೇಳುತ್ತ ಬಡಿದೆ. ಅಂಚು ಬಿರಿಯಿತು. ಒತ್ತಿ ಸರಿ ಮಾಡಿ ಹಂಚಿಗೆ ಹಾಕಲು ಎತ್ತಿದೆ. ಅರ್ಧ ನನ್ನ ಕೈಯಲ್ಲಿ ಬಂತು, ಅರ್ಧ ಪರಾತದಲ್ಲೇ ಉಳಿಯಿತು. ಎರಡನೆಯದು ಹಂಚಿನವರೆಗೇನೋ ಹೋಯಿತು, ಕಿಟಕಿ ಸಮೇತ.

"ಹಿಟ್ಟು ಯಾವಾಗ ತಂದದ್ರಿ?" ಎಂದು ಕೇಳಿದೆ. ಕೈ ಮುರಿಯುವುದಕ್ಕೂ ಎಷ್ಟೋ ತಿಂಗಳ ಮೊದಲು ತಂದ ಪಾಕೀಟು, ಡಬ್ಬಿಯ ಹಿಂದೆ ಕೂತಿತ್ತಂತೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಂಟಿಕೊಳ್ಳುವುದಿಲ್ಲ, ಸಾಕ್ಷಾತ್ ನಮ್ಮ ಅತ್ತೆ ಬಂದು ಬಡಿದರೂ ಹರಿಯುವುದೇ. ಈ ಒಂದು ಪ್ರಶ್ನೆಯನ್ನು ನಾನು ಅವತ್ತೇ ಗುಂಪಿನಲ್ಲಿ ಕೇಳಬಹುದಿತ್ತು. ಆದರೆ ಆ ಪ್ರಶ್ನೆಗೆ ಯಾರು ನಗುತ್ತಿದ್ದರು?

ನಗುವ ಕೆಲಸವನ್ನು ಇಲ್ಲಿ ಶಿವಲೀಲಾ ವಹಿಸಿಕೊಂಡಿದ್ದಳು. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಬಿದ್ದುಬಿದ್ದು ನಕ್ಕವಳು, ಎಡಗೈಯಲ್ಲಿ ಗಂಡನ ಫೋನು ಕಸಿದು ನನ್ನ ರೊಟ್ಟಿಯ ಫೋಟೋ ತೆಗೆದು, "ಇವತ್ತಿನ ರೊಟ್ಟಿ" ಎಂದು ಗುಂಪಿಗೆ ಹಾಕಿಯೇಬಿಟ್ಟಳು. ಬೀಳತೊಡಗಿದವು ಮಾತುಗಳು. "ನಕಾಶೆಯವರು ತಿರುಗಿ ಬಂದರು!" "ಈ ಸಲ ಕೆರೆಗೆ ಕೋಡಿ ಬಿದ್ದಿದೆ." ಸುಮಂಗಲಾ ಅಂತೂ, "ಗಿರಿಜಾ, ಎಲ್ಲಿ ಅದೀ? ಇದು ಯಾವ ಜಿಲ್ಲಾ ಅಂತ ಲಗೂ ಹೇಳು" ಎಂದು ನನ್ನನ್ನೇ ಕೂಗಿದ್ದಳು.

ಶಿವಲೀಲಾಳ ನಗು ನಿಂತಿತು. "ಅಯ್ಯ, ಎಲ್ಲಾ ಇವ್ರ ಮ್ಯಾಲ ಬಿದ್ದೂವಲ್ರಿ" ಎಂದಳು. ಪುಟ್ಟಸ್ವಾಮಿಯವರು ಫೋನನ್ನು ಒಮ್ಮೆ ನೋಡಿ, ರೊಟ್ಟಿ ಬಡಿಯಲೆಂದು ಮಡಚಿದ್ದ ಅಂಗಿಯ ತೋಳು ಇಳಿಸಿಕೊಳ್ಳುತ್ತ, "ಇರ್ಲಿ ಬುಡಿ ಮೇಡಮ್ಮೋರೆ, ನಂದೇ ಅಂತ ಇರ್ಲಿ. ನಂಗೆ ಅಭ್ಯಾಸ ಆಗೋಗದೆ" ಎಂದರು.

ಖರೇ ಹೇಳುತ್ತೇನೆ, ಇರಲಿ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಮುನ್ನೂರು ಮಂದಿಯ ಮುಂದೆ ಗಳಿಸಿದ ಹಿರಿತನ! ಆದರೆ ಆ ಮನುಷ್ಯ ಇಳಿಸಿಕೊಂಡ ತೋಳನ್ನು ನೋಡಿ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬರೆದೆ: "ಇದು ಅವರದಲ್ಲ. ನಾನು ಬಡಿದ ರೊಟ್ಟಿ."

ಗುಂಪಿನಲ್ಲಿ ಮತ್ತೆ ಮಾತು ಬಿದ್ದವು. "ಛೇ, ಹಿಟ್ಟು ಹಳೇದಿರಬೇಕು ಅಕ್ಕಾರ." "ಬ್ಯಾರೆಯವರ ಮನಿ ಹಂಚು, ಹಂಗ ಆಗತೈತಿ ಬಿಡ್ರಿ." "ನೋಡಾಕ ಹಂಗಿದ್ರೂ ಮೆತ್ತಗ ಆಗ್ಯಾವ." ಫೋಟೋದಲ್ಲಿ ಮೆತ್ತಗಾದದ್ದು ಹೇಗೆ ಕಂಡಿತೋ! ರೊಟ್ಟಿ ಅದೇ, ತೂತು ಅದೇ. ಗುರುತಿಲ್ಲದವರದೆಂದರೆ ಜಿಲ್ಲೆಯ ನಕಾಶೆ, ಗಿರಿಜಕ್ಕನದೆಂದರೆ ಹಿಟ್ಟಿನ ತಪ್ಪು. ಪುಟ್ಟಸ್ವಾಮಿಯವರು ಅದನ್ನೆಲ್ಲ ನಿಧಾನವಾಗಿ ಓದಿ ಮೊದಲ ಸಲ ನಕ್ಕರು. ಗಿರಣಿಗೆ ಹೋಗಿ ಹೊಸ ಹಿಟ್ಟು ಬೀಸಿಸಿಕೊಂಡು ಬಂದರು. ತೋಳು ಮತ್ತೆ ಮೇಲೇರಿತು. ಅವರು ಬಡಿದ ಮೂರನೆಯ ರೊಟ್ಟಿ ಹೆಚ್ಚುಕಡಿಮೆ ದುಂಡಗಾಯಿತು. ಶಿವಲೀಲಾ ಅದನ್ನು ಎಡಗೈಯಲ್ಲೇ ಮುರಿದು, ಪಲ್ಯಕ್ಕೂ ಕಾಯದೆ ತಿಂದಳು.

ಅಷ್ಟರಲ್ಲಿ ನನ್ನ ಫೋನು ಇನ್ನೊಮ್ಮೆ ಗುಣುಗುಟ್ಟಿತು. ಗುಂಪಿಗೆ ಹಿಂದಿನ ದಿನವಷ್ಟೇ ಸೇರಿದ, ಹೆಸರೂ ಇಲ್ಲದ ಬರೀ ನಂಬರಿನವರು ಯಾರೋ ಬರೆದಿದ್ದರು: "ಧೈರ್ಯ ಬಿಡಬೇಡಿ ಆಂಟಿ. ಶುರುವಿನಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ. ದಿನಾ ಎರಡೆರಡು ಮಾಡುತ್ತಾ ಹೋಗಿ, ಕೈಗೆ ಬರುತ್ತದೆ."

ಶುರುವಿನಲ್ಲಿ! ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಇದು! ಮೇಲೆ ಆಂಟಿ ಬೇರೆ. ಹೆಬ್ಬೆರಳುಗಳು ತಾವಾಗಿಯೇ ಓಡಿದವು. ಐದು ಸಾಲಿನ ಉತ್ತರ ಸಿದ್ಧವಾಯಿತು. ನಾನೇ ಹೇಳಬಾರದು, ಬಹಳ ಚೆನ್ನಾಗಿತ್ತು, ನೂರು ನಗುವಿಗೆ ಮೋಸವಿರಲಿಲ್ಲ. ಎರಡು ಸಲ ಓದಿಕೊಂಡೆ. ಒಂದೊಂದೇ ಅಕ್ಷರ ಅಳಿಸಿದೆ. "ಆಗಲಿ, ಪ್ರಯತ್ನ ಮಾಡುತ್ತೇನೆ. ಧನ್ಯವಾದ" ಎಂದು ಕಳಿಸಿದೆ.

ಅಳಿಸಿದ್ದು ಫೋನಿನಿಂದ ಮಾತ್ರ. ಬಸ್ಸಿನಲ್ಲಿ ರಾಣೆಬೆನ್ನೂರು ಮುಟ್ಟುವವರೆಗೂ ಆ ಐದು ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಒಂದೆರಡು ಸಲ ನೋಡಿ, ಚೀಲ ಎತ್ತಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತಳು.