ದುಖಾನಿನಲ್ಲಿ ಹಿಮದ ಪಾಠ

ಹಿಮವನ್ನೇ ಕಾಣದವನು ಹಿಮದಲ್ಲಿ ಗಾಡಿ ಓಡಿಸುವುದನ್ನು ಕಲಿಸಲು ನಿಂತರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇದೆ. ನಾನು ಕತಾರಿನ ಮರಳುಗಾಡಿನ ಊರು ದುಖಾನಿನಲ್ಲಿ ಒಂದು ಕಂಪನಿಯ ಡ್ರೈವರುಗಳಿಗೆ ತರಬೇತಿ ಕೊಡುವವನು. ಹೆಡ್ ಆಫೀಸ್ ಇರುವುದು ಯಾವುದೋ ಚಳಿ ದೇಶದಲ್ಲಿ. ಅಲ್ಲಿಯ ಪಾಠವೇ ಎಲ್ಲ ಕಡೆಗೂ ಬರುತ್ತದೆ. ಅದರ ಒಂಬತ್ತನೇ ಅಧ್ಯಾಯ: ಹಿಮ ಮತ್ತು ಮಂಜುಗಡ್ಡೆಯ ಮೇಲೆ ಫೋರ್ ವೀಲ್ ಡ್ರೈವ್.

ಮುಟ್ಟಿದ ಅನುಭವ

ಜೂನ್ ತಿಂಗಳು. ಹೊರಗೆ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ನಾನು, "ಫೋರ್ ವೀಲ್ ಡ್ರೈವ್ ಗಾಡಿ ಹಿಮದಲ್ಲಿ ಮುಂದೆ ಹೋಗಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ" ಎನ್ನುತ್ತಿದ್ದೆ. ಉಪ್ಪಿನಂಗಡಿ ಕಡೆಯ ಹಿರಿಯ ಡ್ರೈವರೊಬ್ಬರು ಕೈ ಎತ್ತಿದರು.

"ಸರ್, ನೀವು ಹಿಮದಲ್ಲಿ ಓಡಿಸಿದ್ದುಂಟಾ?"

"ಇಲ್ಲ."

"ನೋಡಿದ್ದು?"

"ಅದೂ ಇಲ್ಲ."

"ಮುಟ್ಟಿದ್ದಾದರೂ?"

"ಫ್ರಿಜ್ಜಿನಲ್ಲಿ."

ಅವರು ಪುಸ್ತಕ ಮುಚ್ಚಿದರು. "ಅಷ್ಟು ಅನುಭವ ನನಗೂ ಉಂಟು. ಪಾಠ ಯಾರು ಮಾಡುವುದು, ನೀವಾ ನಾನಾ?"

ಶುಕ್ರವಾರದ ಐಸ್

ನಿಯಮದ ಪ್ರಕಾರ ಪ್ರತಿ ಗಾಡಿಯಲ್ಲೂ ಗಾಜಿನ ಮೇಲಿನ ಐಸ್ ಕೆರೆಯುವ ಸಲಕರಣೆ ಇರಬೇಕು. ಹೆಡ್ ಆಫೀಸಿನ ಅಧಿಕಾರಿ ಒಮ್ಮೆ ವಿಡಿಯೊ ಕರೆಯಲ್ಲಿ ತಪಾಸಣೆ ಮಾಡಿದರು. ಎಲ್ಲರ ಸಲಕರಣೆಯೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಮಲ್ಪೆಯ ಡ್ರೈವರೊಬ್ಬನದು ಮಾತ್ರ ಸವೆದು ಅರ್ಧವಾಗಿತ್ತು. ಅಧಿಕಾರಿಗೆ ಖುಷಿಯೋ ಖುಷಿ.

"ಎಷ್ಟು ಸಲ ಬಳಸುತ್ತೀರಿ?"

"ಪ್ರತಿ ಶುಕ್ರವಾರ, ಸರ್."

"ಅಲ್ಲೂ ಐಸ್ ಇರುತ್ತದಾ?"

"ತುಂಬ ಇರ್ತದೆ ಸರ್. ಮೊದಲು ಐಸ್ ತೆಗೆಯಬೇಕು. ಆಮೇಲೆ ಇದರಲ್ಲಿ ಕೆರೆಯುವುದು."

ಅಧಿಕಾರಿ ಬರೆದುಕೊಂಡರು. ಅವನು ಸುಳ್ಳು ಹೇಳಿರಲಿಲ್ಲ. ಶುಕ್ರವಾರ ಅವನ ರೂಮಿನಲ್ಲಿ ಐಸ್ ಹಾಕಿ ತಂದ ಮೀನು. ಅದರ ಪೊರೆ ಕೆರೆಯಲು ಅಷ್ಟು ಒಳ್ಳೆಯ ಸಾಮಾನು ಇಡೀ ಕತಾರಿನಲ್ಲಿ ಸಿಗುವುದಿಲ್ಲವಂತೆ.

ಅರ್ಧ ಮಾರ್ಕು

ಪರೀಕ್ಷೆಯಲ್ಲಿ, "ಗಾಡಿ ಹಿಮದಲ್ಲಿ ಸಿಕ್ಕಿಕೊಂಡರೆ ಮೊದಲು ಏನು ಮಾಡುತ್ತೀರಿ?" ಎಂದು ಕೇಳಿದ್ದೆ. ಒಬ್ಬ ಬರೆದಿದ್ದ: "ಫೋಟೊ ತೆಗೆದು ಮನೆಗೆ ಕಳಿಸುತ್ತೇನೆ."

ಸೊನ್ನೆ ಹಾಕಿದೆ. ಅವನು ಜಗಳಕ್ಕೆ ಬಂದ. "ನಿಜ ಹೇಳಿ ಸರ್, ನೀವಾದರೆ ಏನು ಮಾಡ್ತೀರಿ?"

ಸೊನ್ನೆ ಅಳಿಸಿ ಅರ್ಧ ಮಾರ್ಕು ಕೊಟ್ಟೆ.

ನಿಜವಾದ ಐಸ್

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಹೆಂಡತಿಯ ಜೊತೆ ದೋಹಾಕ್ಕೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಆಕಾಶ ಕಪ್ಪಾಗಿ ಆಲಿಕಲ್ಲು ಶುರುವಾಯಿತು. ಗೋಲಿ ಗಾತ್ರದವು. ನೋಡುತ್ತಿದ್ದಂತೆ ಮರಳುಗಾಡಿನ ರಸ್ತೆ ಬೆಳ್ಳಗಾಯಿತು. ಮುಂದಿನ ಕಾರಿನವನು ಬ್ರೇಕ್ ಒತ್ತಿದ. ಕಾರು ಗಿರ್ರೆಂದು ತಿರುಗಿ ನಮಗೆ ಅಡ್ಡ ನಿಂತಿತು.

ನನ್ನ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಒಂಬತ್ತನೇ ಅಧ್ಯಾಯ ನೆನಪಾಯಿತು. ಬ್ರೇಕನ್ನು ಗುದ್ದಲಿಲ್ಲ. ಆಕ್ಸಿಲರೇಟರ್ ಬಿಟ್ಟೆ, ಗೇರ್ ಇಳಿಸಿದೆ, ಸ್ಟೀರಿಂಗ್ ನೇರ ಹಿಡಿದೆ. ನಮ್ಮ ಗಾಡಿ ತೆವಳುತ್ತಾ ಹೋಗಿ ಆ ಕಾರಿಗೆ ಒಂದು ಮಾರು ದೂರದಲ್ಲಿ ನಿಂತಿತು.

"ನಿಮಗೆ ನಿಜವಾಗಿಯೂ ಬರ್ತದೆ ಮಾರಾಯ್ರೆ!" ಎಂದಳು ಹೆಂಡತಿ. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ಮೊದಲ ಸಲ.

ಮತ್ತೆ ಕೇಳಬೇಕೆ? ಆ ಕಾರಿನವನು ಸರಿದು ಹೋದ ಮೇಲೆ ಹದಿನೈದರ ವೇಗದಲ್ಲಿ, ಎರಡು ಲಾರಿಯಷ್ಟು ಅಂತರ ಬಿಟ್ಟು, ಅವಳಿಗೆ ಪಾಠ ಹೇಳುತ್ತಾ ಹೊರಟೆ. ರಸ್ತೆಗೆ ತೆಳುವಾಗಿ ಅಂಟಿದ ಕಪ್ಪು ಐಸ್ ಕಣ್ಣಿಗೆ ಕಾಣುವುದಿಲ್ಲ, ತಿರುವಿನ ಮೊದಲೇ ನಿಧಾನಿಸಬೇಕು, ಸೇತುವೆಯ ಮೇಲೆ ನೀರು ಮೊದಲು ಹೆಪ್ಪುಗಟ್ಟುತ್ತದೆ. ಹಿಂದಿನವರು ಹಾರ್ನ್ ಹೊಡೆದರು. "ಪಾಪ, ಅವರಿಗೆ ಗೊತ್ತಿಲ್ಲ" ಎಂದೆ.

ಅಷ್ಟರಲ್ಲಿ ಪೊಲೀಸ್ ಗಾಡಿಯೊಂದು ಪಕ್ಕಕ್ಕೆ ಬಂದು ನಮ್ಮನ್ನು ನಿಲ್ಲಿಸಿತು.

"ಗಾಡಿ ಕೆಟ್ಟಿದೆಯಾ?"

"ಇಲ್ಲ, ಐಸ್! ನಾನು ಟ್ರೈನರ್."

ಅವರು ಮುಂದೆ ನೋಡಿದರು, ಕೆಳಗೆ ನೋಡಿದರು. ನಾನೂ ನೋಡಿದೆ. ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆ ಒಣಗಿ ಧೂಳು ಹಾರುತ್ತಿತ್ತು.

"ಐಸ್ ಯಾವಾಗ ಹೋಯ್ತೇ?" ಎಂದು ಹೆಂಡತಿಯನ್ನು ಕೇಳಿದೆ.

"ಆಗಲೇ ಖಲಾಸ್. ಅಷ್ಟು ಚೆಂದ ಪಾಠ ಮಾಡ್ತಿದ್ರಿ, ಮಧ್ಯೆ ಬಾಯಿ ಹಾಕುವುದು ಬೇಡ ಅಂತ ಸುಮ್ಮನಿದ್ದೆ."

ಪೊಲೀಸರು ನಮ್ಮ ಹಿಂದೆ ಕಣ್ಣು ಹಾಯುವಷ್ಟು ದೂರ ನಿಂತಿದ್ದ ಕಾರುಗಳ ಸಾಲನ್ನು ತೋರಿಸಿದರು.

"ಟ್ರೈನರ್, ನಿಮ್ಮ ವಿದ್ಯಾರ್ಥಿಗಳೆಲ್ಲ ಪಾಸ್. ಯಲ್ಲಾ, ಹೊರಡಿ, ಇನ್ನು ಅವರನ್ನು ಮನೆಗೆ ಬಿಡಿ."